ಏಳು ಕೋಟು, ಐವತ್ನಾಲ್ಕು ಗುಂಡಿ

ಏಳು ಸುತ್ತಿನ ಕೋಟೆಯೊಳಗೆ ರಾಜಕುಮಾರಿಯನ್ನು ಕೂಡಿಹಾಕಿದ ರಾಕ್ಷಸನ ಕಥೆ ಎಲ್ಲರಿಗೂ ಗೊತ್ತು. ಅದೇ ಏಳರ ಕೋಟೆಗೆ ನುಗ್ಗಿ, ಎಂಟನೆಯ ಬಾಗಿಲಲ್ಲಿ ಸಿಕ್ಕಿಕೊಂಡು ಇವತ್ತಿಗೂ ಹೊರಬಾರದ ದರ್ಜಿಯ ಕಥೆಯನ್ನು ಮಾತ್ರ ಯಾವ ಅಜ್ಜಿಯೂ ಹೇಳುವುದಿಲ್ಲ. ಹೇಳದಿರಲು ಕಾರಣವಿದೆ. ಅವನನ್ನು ಅಲ್ಲಿ ಸಿಕ್ಕಿಸಿದ್ದೇ ಒಬ್ಬ ಅಜ್ಜಿ.

ದರ್ಜಿಯನ್ನು ಬೀದಿಯವರೆಲ್ಲ ಇಂಚಣ್ಣ ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಎರಡು ಹೊಲಿಗೆ ಮಿಷನ್ನು, ಗೋಡೆಗೆ ಒಂದು ನಿಲುಗನ್ನಡಿ, ಕೊರಳಲ್ಲಿ ಹಳದಿ ಟೇಪು. ಊಟಕ್ಕೆ ಕೂತಾಗಲೂ ಆ ಟೇಪು ಕೊರಳಿನಿಂದ ಇಳಿಯುತ್ತಿರಲಿಲ್ಲ. ಎದುರಿಗೆ ಬಂದ ಮನುಷ್ಯನನ್ನು ಒಮ್ಮೆ ನೋಡಿದರೆ ಸಾಕು, “ಸೊಂಟ ಮೂವತ್ತೆಂಟೂವರೆ, ಉಂಡ ಮೇಲೆ ಮೂವತ್ತೊಂಬತ್ತು” ಎಂದು ಹೇಳಿಬಿಡುತ್ತಿದ್ದ. ಹೀಗೆ ಅರ್ಧ ಇಂಚಿಗೆ ಪ್ರಾಣ ಬಿಡುವವನಿಗೆ ಲೆಕ್ಕ ಬರುತ್ತದೆ ಎಂದು ಲೋಕ ನಂಬಿದ್ದರೆ ಅದು ಲೋಕದ ತಪ್ಪಲ್ಲ. ಅವನೂ ಹಾಗೆಯೇ ನಂಬಿದ್ದ.

ಅನಾಹುತ ಶುರುವಾದದ್ದು ಅವನ ಮಗಳ ನೋಟ್‌ಬುಕ್ಕಿನಿಂದ. ಮೂರನೇ ಕ್ಲಾಸಿನ ಪುಟ್ಟಿ ಒಂದು ಸಂಜೆ ಆ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು, ತಾನು ಮೇಜಿನ ಕೆಳಗೆ ಕೂತುಕೊಂಡಳು. ಅದರಲ್ಲಿ ಕೆಂಪು ಶಾಯಿಯಲ್ಲಿ ಹೀಗೆ ಬರೆದಿತ್ತು: “ಮಗ್ಗಿ ಬರುವುದಿಲ್ಲ. ಮನೆಯಲ್ಲಿ ಅಭ್ಯಾಸ ಸಾಲದು. ಪೋಷಕರ ಸಹಿ ಬೇಕು.”

ಮರುದಿನವೇ ಶಾಲೆಯಲ್ಲಿ ಪೋಷಕರ ಸಭೆ. ಟೀಚರಮ್ಮ ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ಖಡಕ್ಕು.

“ದಿನಾ ಹತ್ತು ನಿಮಿಷ ಸಾಕು, ಆದ್ರೆ ದಿನಾ ಬೇಕು. ಸಣ್ಣ ಸಣ್ಣ ಚೀಟಿ ಮಾಡಿ ಆಟದ ಥರ ಕೇಳಿ. ಮನೆಯವರೆಲ್ಲ ಸೇರ್ಕೊಳ್ಳಿ. ಬೆರಳು ಎಣಿಸೋಕೆ ಬಿಡ್ಬೇಡಿ, ಕೇಳಿದ ತಕ್ಷಣ ಉತ್ತರ ಬಾಯಿಗೆ ಬರ್ಬೇಕು. ತಿಂಗಳ ಕೊನೇ ಶನಿವಾರ ನಿಮ್ಮೆಲ್ಲರ ಎದುರಿಗೇ ಪರೀಕ್ಷೆ. ಹತ್ತರ ತನಕ ತಪ್ಪದೆ ಹೇಳಿದೋರು ನಾಲ್ಕನೇ ಕ್ಲಾಸಿಗೆ. ಉಳಿದೋರು ಇದೇ ಬೆಂಚಿಗೆ.”

ಇಷ್ಟಕ್ಕೇ ಎದ್ದು ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹಿಂದಿನ ಸಾಲಿನಲ್ಲಿದ್ದ ಬ್ಯಾಂಕಿನ ಕ್ಯಾಷಿಯರ್, ಇಂಚಣ್ಣನೇ ಹೊಲಿದ ಪ್ಯಾಂಟು ಹಾಕಿಕೊಂಡು, ಪಕ್ಕದವರ ಕಿವಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಪಿಸುಗುಟ್ಟಿದ: “ಟೈಲರ್ ಮಕ್ಕಳಿಗೆ ಮಗ್ಗಿ ಯಾಕ್ರೀ? ಟೇಪು ಕೊಟ್ರೆ ಆಯ್ತಪ್ಪ.”

ಇಂಚಣ್ಣ ಎದ್ದು ನಿಂತ. ಕೊರಳಿನ ಟೇಪು ಎದ್ದು ನಿಂತಿತು. ಮಾತೂ ಎದ್ದು ನಿಂತಿತು.

“ಟೀಚರಮ್ಮಾ, ನಮ್ಮ ಮನೇಲಿ ಹೊಸ್ತಿಲಿಗೂ ಮಗ್ಗಿ ಬರುತ್ತೆ. ನನಗೆ ಬರುತ್ತೆ, ನಮ್ಮಮ್ಮನಿಗೆ ಬರುತ್ತೆ, ಮಿಷನ್ನಿಗೆ ಬಾಯಿದ್ದಿದ್ರೆ ಅದಕ್ಕೂ ಬರ್ತಿತ್ತು. ಆವತ್ತು ಯಾರನ್ನ ಬೇಕಾದ್ರೂ ಕೇಳಿ. ನಮ್ಮ ಮನೇಲಿ ಯಾರೇ ಒಬ್ರು ತಪ್ಪಿದ್ರೂ ನಾನೇ ಬಂದು ಇದೇ ಮೂರನೇ ಕ್ಲಾಸಿನ ಬೆಂಚಿನ ಮೇಲೆ ಕೂತ್ಕೋತೀನಿ!”

“ಬರ್ಕೋತೀನಿ,” ಎಂದು ಟೀಚರಮ್ಮ ನಿಜವಾಗಿಯೂ ಬರೆದುಕೊಂಡರು.

*

ಅಭ್ಯಾಸ ಮರುದಿನ ಬೆಳಿಗ್ಗೆಯಿಂದಲೇ ಶುರುವಾಯಿತು. ಅಂಗಿಯ ನಮೂನೆ ಕತ್ತರಿಸಿ ಉಳಿದ ರಟ್ಟನ್ನೆಲ್ಲ ಇಂಚಣ್ಣ ಚೀಟಿಯಾಗಿ ಕತ್ತರಿಸಿದ. ಪ್ರತಿಯೊಂದರ ಮೇಲೂ ಒಂದೊಂದು ಲೆಕ್ಕ, ಕೆಳಗೆ ಉತ್ತರ. ಅಡುಗೆಮನೆಯ ಡಬ್ಬಗಳಿಗೆ ಎರಡು, ಮೂರು, ನಾಲ್ಕರ ಮಗ್ಗಿ. ಬಚ್ಚಲುಮನೆಯ ಬಾಗಿಲಿಗೆ ಐದು ಮತ್ತು ಆರು. ಮಗ್ಗಿಗಳಲ್ಲೆಲ್ಲ ದುಷ್ಟವಾದ ಏಳನ್ನು ಅಂಗಡಿಯ ನಿಲುಗನ್ನಡಿಯ ಸುತ್ತ ಗುಂಡುಪಿನ್ನಿನಿಂದ ಚುಚ್ಚಿದ. ಬಟ್ಟೆ ಹಾಕಿ ನೋಡಲು ಬಂದ ಗಿರಾಕಿಗಳು ತಮ್ಮ ಮುಖ ಕಾಣಬೇಕಾದರೆ ಮೊದಲು ಏಳರ ಮಗ್ಗಿಯನ್ನು ದಾಟಬೇಕಿತ್ತು.

ಪುಟ್ಟಿ ಬುದ್ಧಿವಂತೆ. ಹೆದರಿಕೆ ಒಂದಿಲ್ಲದಿದ್ದರೆ ಅವಳು ಹಿಂದೆ ಬೀಳುವ ಹುಡುಗಿಯೇ ಅಲ್ಲ. ಒಂದು ವಾರದಲ್ಲಿ ಆರರ ತನಕದ ಕೋಟೆಗಳನ್ನು ಗೆದ್ದಳು. ಎಂಟನೆಯ ದಿನ ಕನ್ನಡಿಯ ಮುಂದೆ ನಿಂತು ಏಳಕ್ಕೆ ಕೈ ಹಾಕಿದಳು. ಇಂಚಣ್ಣ ಮಿಷನ್ ತುಳಿಯುತ್ತ ತಾಳ ಹಾಕುತ್ತಿದ್ದ. ಅವನ ತಾಯಿ ಕಿಟಕಿಯ ಕೆಳಗೆ ಕೂತು, ಗುಂಡಿ ತೂರಿಸುವ ಕಾಜಗಳ ಸುತ್ತ ದಾರ ಸುತ್ತುತ್ತ ದನಿಗೂಡಿಸುತ್ತಿದ್ದಳು. ಮಗನಿಗೆ ಮಗ್ಗಿ ಕಲಿಸಿದ್ದು ಅವಳೇ, ಇದೇ ಮಿಷನ್ನಿನ ತಾಳಕ್ಕೆ, ಇದೇ ರಾಗದಲ್ಲಿ.

“ಏಳೇಳ್ಲ ನಲವತ್ತೊಂಬತ್ತು...”

“ಏಳೆಂಟ್ಲ ಐವತ್ನಾಲ್ಕು!” ಎಂದು ಅಜ್ಜಿ ಮತ್ತು ಅಪ್ಪ ಒಟ್ಟಿಗೇ ಹೇಳಿದರು. ರಾಗಕ್ಕೆ ಅದು ಎಷ್ಟು ಸೊಗಸಾಗಿ ಕೂತಿತ್ತೆಂದರೆ ಮಿಷನ್ನೂ ತಲೆಯಾಡಿಸಿತು.

ಪುಟ್ಟಿ ನಿಂತಳು. ಕೈ ಬೆನ್ನ ಹಿಂದೆ ಹೋಯಿತು.

“ಅಪ್ಪಾ, ನಲವತ್ತೊಂಬತ್ತಕ್ಕೆ ಏಳು ಸೇರಿಸಿದ್ರೆ... ಐವತ್ತು, ಐವತ್ತೊಂದು, ಐವತ್ತೆರಡು...”

“ಬೆರಳು! ಬೆರಳು ಮಡಚು!” ಇಂಚಣ್ಣ ಮಿಷನ್ ನಿಲ್ಲಿಸಿಯೇಬಿಟ್ಟ. “ಟೀಚರಮ್ಮ ಏನಂದ್ರು? ಬೆರಳು ಎಣಿಸಬಾರದು ಅಂದ್ರಾ ಇಲ್ವಾ?”

“ಅಂದ್ರು. ಆದ್ರೆ ಬೆರಳಲ್ಲಿ ಐವತ್ತಾರು ಬರುತ್ತಪ್ಪ.”

“ಅದಕ್ಕೇ ಮತ್ತೆ ಬೆರಳು ಬೇಡ ಅನ್ನೋದು!”

ಮಗುವಿನ ಅನುಮಾನವನ್ನು ಹಾಗೆಯೇ ಬಿಡಬಾರದೆಂದು ಇಂಚಣ್ಣ ಟೇಪು ಕೈಗೆತ್ತಿಕೊಂಡು ವಿವರಿಸಲು ಕೂತ.

“ಇಲ್ಲಿ ನೋಡು ಪುಟ್ಟಿ. ಆರೊಂಬತ್ಲ ಎಷ್ಟು?”

“ಐವತ್ನಾಲ್ಕು.”

“ಆರಕ್ಕೆ ಒಂದು ಸೇರಿಸು. ಏಳಾಯ್ತು. ಒಂಬತ್ತರಲ್ಲಿ ಒಂದು ತೆಗಿ. ಎಂಟಾಯ್ತು. ಅಂಗಿಯ ಬಲ ಮಗ್ಗುಲಲ್ಲಿ ಒಂದಿಂಚು ಬಿಟ್ಟು ಎಡ ಮಗ್ಗುಲಲ್ಲಿ ಒಂದಿಂಚು ಹಿಡಿದ್ರೆ ಸುತ್ತಳತೆ ಬದಲಾಗುತ್ತಾ? ಆಗಲ್ಲ. ಹಾಗೇ ಇದೂನೂ.”

ಪುಟ್ಟಿಯ ಬಾಯಿ ಮುಚ್ಚಿತು. ಆದರೆ ಕಣ್ಣು ಮುಚ್ಚಲಿಲ್ಲ, ಬೆನ್ನ ಹಿಂದಿನ ಬೆರಳೂ ಪೂರ್ತಿ ಮಡಚಲಿಲ್ಲ. ಆದ್ದರಿಂದ ವಿಷಯ ಪಕ್ಕದ ಮನೆಯ ಟೀಸಿಯವರ ಮುಂದೆ ಹೋಯಿತು. ಅವರು ಮೂವತ್ತು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಈಗಲೂ ಮನೆಗೆ ಬಂದವರ ಕೈಯನ್ನು ಟಿಕೆಟ್ಟಿಗಾಗಿ ಎಂಬಂತೆ ನೋಡುತ್ತಿದ್ದರು.

“ಬೋಗೀಲಿ ಒಂದೊಂದು ಗೂಡಿಗೆ ಎಂಟು ಸೀಟು,” ಎಂದು ಟೀಸಿ ಕಣ್ಣು ಮುಚ್ಚಿ ರೈಲಿನೊಳಗೆ ನಡೆಯತೊಡಗಿದರು. “ಏಳನೇ ಗೂಡಿನ ಕೊನೇ ಸೀಟು... ಐವತ್ತಾರು.”

ಇಂಚಣ್ಣನ ಮುಖ ಇಳಿಯಿತು. ಪುಟ್ಟಿಯ ಮುಖ ಏರಿತು.

“ಆದ್ರೆ,” ಎಂದು ಟೀಸಿ ಕಣ್ಣು ತೆರೆದರು, “ಅದರಲ್ಲಿ ಎರಡು ಸೀಟು ಸಿಬ್ಬಂದಿಗೆ ಬಿಟ್ಟಿರ್ತಾರೆ. ಪ್ರಯಾಣಿಕರ ಲೆಕ್ಕಕ್ಕೆ ಬರೋದು ಐವತ್ನಾಲ್ಕೇ. ಇಂಚಣ್ಣ ಹೇಳೋದು ಸರಿ ಮಗೂ.”

ಸರಕಾರಿ ಅಂಕಿತವೂ ಬಿದ್ದ ಮೇಲೆ ಇನ್ನೇನು? ಹತ್ತು ದಿನದಲ್ಲಿ ಆ ಬೀದಿಯಲ್ಲಿ ಐವತ್ನಾಲ್ಕು ಹಬ್ಬಿದಷ್ಟು ವೇಗವಾಗಿ ನೆಗಡಿಯೂ ಹಬ್ಬಿರಲಿಲ್ಲ. ಹಾಲು ಹಾಕುವವಳು ಗೇಟು ತೆರೆಯುತ್ತ “ಏಳೆಂಟ್ಲ?” ಎಂದರೆ ಟೀಸಿ ಮಹಡಿಯಿಂದ “ಐವತ್ನಾಲ್ಕು!” ಎನ್ನುತ್ತಿದ್ದರು. ಕೋಟಿನ ತೋಳು ಸರಿಯಿಲ್ಲವೆಂದು ಜಗಳಕ್ಕೆ ಬಂದ ಗಿರಾಕಿಗಳು ಕನ್ನಡಿಯ ಮುಂದೆ ನಿಂತು ಮಗ್ಗಿ ಓದಿ, ಜಗಳ ಮರೆತು, ಗುನುಗುತ್ತ ಹೋಗುತ್ತಿದ್ದರು. ಪುಟ್ಟಿಯೂ ಕೊನೆಗೆ ಐವತ್ನಾಲ್ಕು ಎನ್ನತೊಡಗಿದಳು. ಆದರೆ ಪ್ರತಿ ಸಲ ಹೇಳುವಾಗಲೂ ಅವಳ ಹೆಬ್ಬೆರಳು ತಾನಾಗಿ ಒಮ್ಮೆ ಮಿಸುಕುತ್ತಿತ್ತು.

ಮನೆಯಲ್ಲಿ ಒಬ್ಬಳು ಮಾತ್ರ ಈ ಆಟಕ್ಕೆ ಸೇರಲಿಲ್ಲ. ಇಂಚಣ್ಣನ ಹೆಂಡತಿ.

“ನೀನೂ ಹೇಳೇ,” ಎಂದರೆ, “ಐವತ್ನಾಲ್ಕು ಅನ್ನೋದನ್ನ ನಾನು ಒಂಬತ್ತು ವರ್ಷದಿಂದ ಕೇಳ್ತಿದ್ದೀನಿ ರೀ. ಸಾಕು,” ಎಂದು ಒಳಗೆ ಹೋಗುತ್ತಿದ್ದಳು.

ಅವಳು ಹಾಗೆ ಹೇಳಲು ಕಾರಣ ಎದುರಿಗೇ ಇತ್ತು. ಬೀದಿಯ ಆಚೆ ಬದಿಯಲ್ಲಿ, ಇಂಚಣ್ಣನ ಬಾಗಿಲಿಗೆ ಸರಿಯಾಗಿ ಮುಖ ಮಾಡಿ, ಒಂದು ಗುಂಡಿ ಅಂಗಡಿ. ಅದರ ಯಜಮಾನ ಅವಳ ಒಡಹುಟ್ಟಿದ ತಮ್ಮ.

*

ಊರಿನ ಬ್ಯಾಂಡ್ ಮೇಳಕ್ಕೆ ಪ್ರತಿ ವರ್ಷವೂ ಹೊಸ ಕೋಟು ಹೊಲಿಯುವ ಗೌರವ ಇಂಚಣ್ಣನದು. ಮೇಳದಲ್ಲಿ ಏಳು ಜನ. ಒಂದೊಂದು ಕೋಟಿಗೆ ಎಂಟು ಹಿತ್ತಾಳೆ ಗುಂಡಿ. ಇಂಚಣ್ಣ ಚೀಟಿಯಲ್ಲಿ “ಐವತ್ನಾಲ್ಕು ಗುಂಡಿ” ಎಂದು ಬರೆದು ಕಳಿಸುತ್ತಿದ್ದ. ಭಾವಮೈದುನ ಐವತ್ನಾಲ್ಕು ಎಣಿಸಿ ಕೊಡುತ್ತಿದ್ದ. ಇಂಚಣ್ಣ ಆರು ಕೋಟು ಮುಗಿಸಿ ಏಳನೆಯದಕ್ಕೆ ಬಂದಾಗ ಎರಡು ಗುಂಡಿ ಕಡಿಮೆ ಬೀಳುತ್ತಿದ್ದವು. ಬೇಕಾದದ್ದು ಐವತ್ನಾಲ್ಕು, ಕಡಿಮೆ ಬಿದ್ದದ್ದು ಎರಡು, ಅಂದಮೇಲೆ ಕೊಟ್ಟದ್ದು ಐವತ್ತೆರಡು! ಇದಕ್ಕಿಂತ ಸ್ಪಷ್ಟವಾದ ಕಳ್ಳತನ ಲೋಕದಲ್ಲಿ ಉಂಟೆ?

ಬಂದ ಪೊಟ್ಟಣವನ್ನು ಎಣಿಸಿ ನೋಡಬಹುದಿತ್ತಲ್ಲ ಎಂದು ಕೇಳಬೇಡಿ. ಎಣಿಸುವುದು ಮಗ್ಗಿ ಬಾರದವರ ಕೆಲಸ. ಕಾಜ ಐವತ್ತಾರು ಇದ್ದವಲ್ಲ ಎಂದೂ ಕೇಳಬೇಡಿ. ಕಾಜವನ್ನು ಮಗ್ಗಿಯಿಂದ ಹಾಕುವುದಿಲ್ಲ, ಟೇಪಿನಿಂದ ಹಾಕುತ್ತಾರೆ.

ಮೊದಲ ವರ್ಷ ಮಾತಿಗೆ ಮಾತು ಬೆಳೆದು, “ಇನ್ನು ನಮ್ಮ ಮನೆಯವರು ಯಾರೂ ಆ ಹೊಸ್ತಿಲು ತುಳಿಯೋ ಹಾಗಿಲ್ಲ” ಎಂದು ಇಂಚಣ್ಣ ಅಪ್ಪಣೆ ಕೊಡಿಸಿದ್ದ. ಗುಂಡಿ ಮಾತ್ರ ಅಲ್ಲಿಂದಲೇ ತರಿಸಬೇಕಿತ್ತು, ಯಾಕೆಂದರೆ ಹತ್ತಿರದಲ್ಲಿ ಬೇರೆ ಗುಂಡಿ ಅಂಗಡಿಯಿರಲಿಲ್ಲ. ಚೀಟಿ ಒಯ್ದು ಪೊಟ್ಟಣ ತರುವ ರಾಯಭಾರಿ ಮೇಳದ ದೊಡ್ಡ ಡೋಲು ಬಾರಿಸುವ ಡೋಲಣ್ಣ. ಎರಡು ಗುಂಡಿಯಿಲ್ಲದ ಏಳನೆಯ ಕೋಟೂ ಅವನಿಗೇ. “ಹೇಗೂ ಹೊಟ್ಟೆ ಮುಂದೆ ಡೋಲು ಇರುತ್ತಲ್ಲ, ಯಾರು ನೋಡ್ತಾರೆ?” ಎಂದು ಇಂಚಣ್ಣ ಸಮಾಧಾನ ಹೇಳುತ್ತಿದ್ದ. ಡೋಲಣ್ಣ ಒಂಬತ್ತು ವರ್ಷದಿಂದ ಹೊಕ್ಕುಳಿಗೆ ಗಾಳಿ ಬಡಿಸಿಕೊಂಡೇ ಬಾರಿಸುತ್ತಿದ್ದ.

ಪುಟ್ಟಿ ಹುಟ್ಟಿದ್ದು ಈ ಜಗಳದ ಮರುವರ್ಷ. ಸೋದರಮಾವ ಅವಳನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಅವಳು ಶಾಲೆಗೆ ಹೋಗುವ ಹೊತ್ತಿಗೆ ಅವನು ಅಂಗಡಿಯ ಮುಂದೆ ಬಂದು ನಿಂತು, ಗುಂಡಿ ಒರೆಸುವವನ ಹಾಗೆ ಏನನ್ನೋ ಒರೆಸುತ್ತಿದ್ದ, ಅಷ್ಟೆ.

ಈ ವರ್ಷದ ಕೋಟು ಕೊಡುವ ದಿನ ಪರೀಕ್ಷೆಯ ಹಿಂದಿನ ದಿನವೇ ಬಿತ್ತು. ಶುಕ್ರವಾರ ಮಧ್ಯಾಹ್ನ ಮೇಳದ ಏಳೂ ಜನ ಬಂದು ಕೋಟು ತೊಟ್ಟರು. ಆರು ಜನ ಥಳಥಳ ಹೊಳೆದರು. ಡೋಲಣ್ಣನ ಹೊಟ್ಟೆ ಎಂದಿನಂತೆ ಇಣುಕಿತು.

ಇಂಚಣ್ಣನ ಸಹನೆ ಅಂದು ಮುಗಿದುಹೋಗಿತ್ತು. ನಾಳೆ ಮಗ್ಗಿಯಲ್ಲಿ ಊರಿಗೆ ಊರನ್ನೇ ಗೆಲ್ಲಬೇಕಾದವನಿಗೆ ಇವತ್ತು ಎರಡು ಗುಂಡಿಯ ಮೋಸ! ಬೀದಿಗೆ ಇಳಿದ.

“ಏನಯ್ಯಾ! ಈ ಸಲಾನೂ ಎರಡು ನುಂಗಿದ್ಯಾ?”

“ಭಾವ, ನೀವು ಐವತ್ನಾಲ್ಕು ಬರೆದ್ರಿ, ನಾನು ಐವತ್ನಾಲ್ಕು ಕೊಟ್ಟೆ!”

“ಕೊಟ್ಟಿದ್ರೆ ಎಲ್ಲಿ ಹೋದವು? ಹಾರಿ ಹೋದವಾ?”

“ನನ್ನ ಕೇಳಿದ್ರೆ? ನಿಮ್ಮ ಮಿಷನ್ ತಿಂದಿರಬೇಕು!” ಭಾವಮೈದುನ ಒಳಗೆ ಹೋಗಿ, ತಂತಿಗೆ ಚುಚ್ಚಿಟ್ಟಿದ್ದ ಚೀಟಿಗಳನ್ನು ತಂತಿಯ ಸಮೇತ ತಂದ. “ಒಂಬತ್ತು ವರ್ಷದ್ದೂ ಇದೆ. ನಿಮ್ಮ ಕೈಬರಹವೇ ತಾನೆ? ಓದಿ. ಐವತ್ನಾಲ್ಕು, ಐವತ್ನಾಲ್ಕು, ಐವತ್ನಾಲ್ಕು...”

ಮಹಡಿಯಿಂದ ಇಳಿದು ಬಂದ ಟೀಸಿ ಇಬ್ಬರ ನಡುವೆ ನಿಂತರು. ಕೈಯಲ್ಲಿ ಟಿಕೆಟ್ಟಿಗೆ ತೂತು ಹೊಡೆಯುವ ಹಳೆಯ ಪಂಚು.

“ಗಲಾಟೆ ಬೇಡ. ತಪಾಸಣೆ ಆಗ್ಲಿ. ಎಲ್ರೂ ಸಾಲಾಗಿ ನಿಂತ್ಕೊಳ್ಳಿ. ಕೋಟು ಬಿಚ್ಚೋದು ಬೇಡ.”

ಮೇಳದವರು ಬೀದಿಯಲ್ಲಿ ಸಾಲಾಗಿ ನಿಂತರು. ಟೀಸಿ ಒಬ್ಬೊಬ್ಬರ ಎದೆಯ ಮುಂದೂ ಪಂಚು ಆಡಿಸುತ್ತ ನಡೆದರು. ಕಹಳೆಯವನು ಎಂಟು. ಕೊಳಲಿನವನು ಹದಿನಾರು. ಹೀಗೆ ಆರನೆಯವನ ತನಕ ನಲವತ್ತೆಂಟು. ಕೊನೆಗೆ ಡೋಲಣ್ಣ. ಅವನ ಮೇಲೆ ಆರು.

“ಐವತ್ನಾಲ್ಕು!” ಎಂದು ಟೀಸಿ ಘೋಷಿಸಿದರು. “ಸರಕು ಪೂರ್ತಿ ಇದೆ!”

“ನೋಡಿದ್ರಾ, ಪೂರ್ತಿ ಇದೆ!” ಎಂದ ಭಾವಮೈದುನ.

“ಏಳೆಂಟ್ಲ ಐವತ್ನಾಲ್ಕು, ಪೂರ್ತಿ ಇದೆ!” ಎಂದು ಗೇಟಿನ ಬಳಿಯಿಂದ ಹಾಲಿನವಳು, ಕಿಟಕಿಯಿಂದ ಅಜ್ಜಿ, ರಾಗವಾಗಿ ಹೇಳಿದರು.

“ಪೂರ್ತಿ ಇದ್ರೆ,” ಎಂದ ಇಂಚಣ್ಣ, ಅಷ್ಟರಲ್ಲಿ ಅವನ ದನಿ ಯಾಕೋ ತೆಳ್ಳಗಾಗಿತ್ತು, “ಇವನ ಹೊಟ್ಟೆ ಯಾಕೆ ಕಾಣ್ತಿದೆ?”

ಎಲ್ಲರೂ ಡೋಲಣ್ಣನ ಹೊಟ್ಟೆಯನ್ನು ನೋಡಿದರು. ಡೋಲಣ್ಣನೂ ತಲೆ ಬಗ್ಗಿಸಿ ನೋಡಿಕೊಂಡ. ಇಡೀ ಬೀದಿಯ ಲೆಕ್ಕ ಒಂದು ಕಡೆ, ಆ ಹೊಟ್ಟೆ ಒಂದು ಕಡೆ.

ಆಗ ಶಾಲೆಯಿಂದ ಬಂದ ಪುಟ್ಟಿ, ಚೀಲವನ್ನು ಬೆನ್ನಿಂದ ಇಳಿಸದೆಯೇ ದೊಡ್ಡವರ ಕಾಲುಗಳ ನಡುವೆ ನುಸುಳಿ ಮುಂದೆ ಬಂದಳು. ತಿಂಗಳಿಡೀ ಮಡಚಿಟ್ಟಿದ್ದ ಬೆರಳನ್ನು ಬಿಚ್ಚಿದಳು. ಮೊದಲ ಖಾಲಿ ಜಾಗದ ಮೇಲೆ ಒಂದು ಬೆರಳಿಟ್ಟಳು.

“ಐವತ್ತೈದು.”

ಎರಡನೆಯ ಖಾಲಿ ಜಾಗದ ಮೇಲೆ ಇನ್ನೊಂದು.

“ಐವತ್ತಾರು.”

ಡೋಲಣ್ಣ ಕಚಗುಳಿಯಾಗಿ ಕಿಸಕ್ಕನೆ ನಕ್ಕ. ನಕ್ಕವನು ಅವನೊಬ್ಬನೇ.

ಟೀಸಿ ಪಂಚನ್ನು ಮೆಲ್ಲಗೆ ಜೇಬಿಗೆ ಸೇರಿಸಿದರು. “ನಾನು ಸೀಟಿನ ಲೆಕ್ಕ ಹೇಳಿದ್ದೆ. ಗುಂಡಿದು ಬೇರೆ ಇಲಾಖೆ,” ಎನ್ನುತ್ತ ಮಹಡಿಯ ಮೆಟ್ಟಿಲ ಕಡೆ ಸರಿದರು.

ಭಾವಮೈದುನ ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಂತಿಯ ಚೀಟಿಗಳನ್ನು ಒಂದೊಂದಾಗಿ ಸರಿಪಡಿಸುತ್ತ, “ಹದಿನೆಂಟು ಗುಂಡಿಗೆ ಒಂಬತ್ತು ವರ್ಷ ಕಳ್ಳ ಅನ್ನಿಸಿಕೊಂಡೆ ಭಾವ,” ಎಂದ, ಅಷ್ಟೆ.

ಬಾಗಿಲಲ್ಲಿ ಇಂಚಣ್ಣನ ಹೆಂಡತಿ ನಿಂತಿದ್ದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೆಟ್ಟಿಲಿಳಿದಳು. ಗಂಡನ ಪಕ್ಕದಲ್ಲಿ ಒಂದು ಕ್ಷಣ ನಿಂತಳು.

“ಇಲ್ಲಿಂದ ಅಲ್ಲಿಗೆ ಹನ್ನೆರಡು ಹೆಜ್ಜೆ ರೀ. ಅದನ್ನ ಮಾತ್ರ ನಾನು ಸರಿಯಾಗಿ ಎಣಿಸಿದ್ದೀನಿ. ದಿನಾ, ಕಿಟಕಿಯಿಂದ.”

ಎಣಿಸುತ್ತ ದಾಟಿದಳು. ಹನ್ನೆರಡೇ ಇತ್ತು. ತಮ್ಮನ ಅಂಗಡಿಯ ಸ್ಟೂಲಿನ ಮೇಲೆ ಬೀದಿಗೆ ಬೆನ್ನು ಹಾಕಿ ಕೂತಳು. ಪುಟ್ಟಿ ಅಪ್ಪನನ್ನೊಮ್ಮೆ, ಅಮ್ಮನ ಬೆನ್ನನ್ನೊಮ್ಮೆ ನೋಡಿದಳು. ಇಂಚಣ್ಣ ಕೈಯಲ್ಲೇ ಹೋಗು ಎಂದ. ಅವಳು ಓಡಿಹೋದಳು. ಗುಂಡಿ ಅಂಗಡಿಯವನು ಅವಳನ್ನು ಎತ್ತಿಕೊಳ್ಳಲು ಹೋಗಿ, ಎಂಟು ವರ್ಷದ ಹುಡುಗಿ ಎಷ್ಟು ಭಾರವಿರುತ್ತಾಳೆಂದು ಗೊತ್ತಿಲ್ಲದೆ, ಮೂರು ಡಬ್ಬ ಗುಂಡಿ ಬೀಳಿಸಿದ.

ಬೀದಿಯ ನಡುವೆ ಇಂಚಣ್ಣ ಉಳಿದ. ಅವನ ಹಿಂದೆ ಕಿಟಕಿಯಿಂದ ತಾಯಿಯ ದನಿ ಬಂತು.

“ಯಾರೋ ಅದು ಐವತ್ತಾರು ಅಂದಿದ್ದು? ನಮ್ಮಪ್ಪ ನನಗೆ ಕಲಿಸಿದ್ದು ಐವತ್ನಾಲ್ಕು. ನಮ್ಮಪ್ಪನಿಗಿಂತ ಡೋಲಿನವನ ಹೊಟ್ಟೆ ದೊಡ್ಡದಾ?”

*

ಶನಿವಾರ ಬಂದೇ ಬಂತು.

ಬೆಳಿಗ್ಗೆಯೇ ಇಂಚಣ್ಣ ಕನ್ನಡಿಯ ಪಕ್ಕದ ಆ ಏಳೆಂಟ್ಲದ ಚೀಟಿ ಕಿತ್ತು ಹೊಸದು ಚುಚ್ಚಿದ್ದ. ಅದರ ಮುಂದೆ ನಿಂತು ನೂರು ಸಲ ಹೇಳಿದ್ದ. ಓದುವಾಗ ಐವತ್ತಾರು ಎನ್ನುತ್ತಿದ್ದ ನಾಲಿಗೆ, ಚೀಟಿಯಿಂದ ಕಣ್ಣು ತೆಗೆದ ಕೂಡಲೇ ತನ್ನ ಹಳೆಯ ಮನೆಗೆ ಹೋಗಿಬಿಡುತ್ತಿತ್ತು. ಮೂವತ್ತೈದು ವರ್ಷದಿಂದ ತುಳಿದ ದಾರಿ. ಕತ್ತರಿಯನ್ನಾದರೆ ಸಾಣೆ ಹಿಡಿಯಬಹುದು, ನಾಲಿಗೆಯನ್ನು ಯಾವ ಕಲ್ಲಿಗೆ ಉಜ್ಜುವುದು?

ಶಾಲೆಯ ದೊಡ್ಡ ಕೋಣೆಯಲ್ಲಿ ಬೀದಿಗೆ ಬೀದಿಯೇ ಸೇರಿತ್ತು, ಬ್ಯಾಂಡ್ ಮೇಳವೂ ಬಂದಿತ್ತು. ಇಂಚಣ್ಣನ ಒಂದು ಪಕ್ಕ ತಾಯಿ, ಇನ್ನೊಂದು ಪಕ್ಕ ಟೀಸಿ. ಹೆಂಡತಿ ಆಚೆ ಸಾಲಿನಲ್ಲಿ, ತಮ್ಮನ ಪಕ್ಕದಲ್ಲಿ. ಕ್ಯಾಷಿಯರ್ ಅದೇ ಪ್ಯಾಂಟಿನಲ್ಲಿ ಮುಂದಿನ ಸಾಲಿನಲ್ಲಿ.

ಪುಟ್ಟಿಯ ಸರದಿ ಬಂತು. ಎರಡರಿಂದ ಆರರ ತನಕ ಗಾಳಿಪಟದ ಹಾಗೆ ಹೋದಳು. ಏಳಕ್ಕೆ ಬಂದಳು.

“ಏಳೇಳ್ಲ ನಲವತ್ತೊಂಬತ್ತು. ಏಳೆಂಟ್ಲ...”

ನಿಂತಳು. ಅಪ್ಪನ ಕಡೆ ನೋಡಿದಳು. ನಿನ್ನೆ ಬೀದಿಯಲ್ಲಿ ಅಪ್ಪನ ಮುಖ ಹೇಗಿತ್ತೆಂದು ಅವಳಿಗೆ ನೆನಪಿತ್ತು. ಮತ್ತೊಮ್ಮೆ ಎಲ್ಲರ ಎದುರು ಅದೇ ಆಗುವುದು ಅವಳಿಗೆ ಬೇಕಿರಲಿಲ್ಲ. ಐವತ್ನಾಲ್ಕು ಎಂದರೆ ಅಪ್ಪನ ಮಾತು ಉಳಿದಂತೆ, ಅವಳು ಇದೇ ಬೆಂಚಿಗೆ. ತುಟಿ “ಐವತ್” ಎಂದು ಅರ್ಧ ತೆರೆದು ಹಾಗೇ ನಿಂತಿತು.

ಇಂಚಣ್ಣ ಕೊರಳಿನ ಟೇಪು ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಒಂದು ಕೈ ಎತ್ತಿ, ಎಲ್ಲರೂ ನೋಡುವ ಹಾಗೆ, ಎರಡು ಬೆರಳು ಬಿಚ್ಚಿದ.

“...ತ್ತಾರು!” ಎಂದಳು ಪುಟ್ಟಿ. ಆಮೇಲೆ ಹತ್ತರ ತನಕ ಅವಳನ್ನು ಯಾರೂ ಹಿಡಿಯಲಾಗಲಿಲ್ಲ.

ಕೋಣೆ ಚಪ್ಪಾಳೆಯಿಂದ ತುಂಬಿತು. ಸೋದರಮಾವ ಎಲ್ಲರಿಗಿಂತ ಮೊದಲು ಶುರುಮಾಡಿ ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದ. ಇಂಚಣ್ಣನನ್ನು ಆ ಗಳಿಗೆಯಲ್ಲೇ ಮನೆಗೆ ಹೋಗಲು ಬಿಟ್ಟಿದ್ದರೆ ಅವನಿಗಿಂತ ಸುಖಿ ಬೇರೆ ಇರಲಿಲ್ಲ. ಆದರೆ ಟೀಚರಮ್ಮನಿಗೆ ಸಂತೋಷ ಉಕ್ಕಿಬಿಟ್ಟಿತ್ತು, ಮತ್ತು ಟೀಚರುಗಳ ಸಂತೋಷ ಅವರ ಸಿಟ್ಟಿಗಿಂತ ಅಪಾಯಕಾರಿ.

“ಎಲ್ಲಾ ಪೋಷಕರೂ ನೋಡಿ! ಇದು ಮನೆ ಅಭ್ಯಾಸದ ಫಲ. ಈ ಮನೇಲಿ ಹೊಸ್ತಿಲಿಗೂ ಮಗ್ಗಿ ಬರುತ್ತಂತೆ. ಬನ್ನಿ ಸರ್, ಮುಂದೆ ಬನ್ನಿ. ನಿಮ್ಮ ಮನೇಲಿ ಹೇಗೆ ಕೇಳ್ತೀರಿ ಅಂತ ಒಂದ್ಸಲ ತೋರ್ಸೋಣ.”

“ಅಯ್ಯೋ, ಬೇಡ ಟೀಚರಮ್ಮ, ಅಂಗಡಿ ತೆರೆದಿಟ್ಟು ಬಂದಿದ್ದೀನಿ...”

“ಒಂದೇ ಒಂದು. ಥಟ್ಟಂತ ಹೇಳಿ. ಏಳೆಂಟ್ಲ?”

ಸಾವಿರ ಲೆಕ್ಕಗಳಿದ್ದವು ಜಗತ್ತಿನಲ್ಲಿ. ಎರಡೆರಡ್ಲ ಕೇಳಬಹುದಿತ್ತು. ಐದೈದ್ಲ ಕೇಳಬಹುದಿತ್ತು. ಇಂಚಣ್ಣ ಬಾಯಿ ಬಿಗಿದ, ಹಲ್ಲು ಕಚ್ಚಿದ, ಕನ್ನಡಿಯ ಚೀಟಿಯನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಂಡ. ಎರಡು ಬೆರಳು ಬಿಚ್ಚಿ ಪುಟ್ಟಿ ಅತ್ತ ನಿಂತಿದ್ದಳು. ಆದರೆ ಅದೇ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಅವನ ತಾಯಿಯ ಕಾಲು, ಇಲ್ಲದ ಮಿಷನ್ನನ್ನು ಮೆಲ್ಲಗೆ ತುಳಿಯತೊಡಗಿತು. ಟಕ್ಕಟ ಟಕ್ಕಟ.

“ಐವತ್ನಾಲ್ಕು!” ಎಂದಿತು ಇಂಚಣ್ಣನ ಬಾಯಿ.

“ಐವತ್ನಾಲ್ಕು!” ಎಂದರು ತಾಯಿ, ಟೀಸಿ, ಹಾಲಿನವಳು, ಮೇಳದ ಏಳು ಜನ, ಒಂದೇ ರಾಗದಲ್ಲಿ. ಕ್ಯಾಷಿಯರ್ ಮಾತ್ರ ನಗುತ್ತಿದ್ದ, ಎಷ್ಟೆಂದರೆ ಇಂಚಣ್ಣ ಹೊಲಿದ ಪ್ಯಾಂಟಿನ ಹಿಂಬದಿ ಪರ್ರೆಂದಿತು. ಅದೊಂದೇ ಆ ದಿನದ ಸಮಾಧಾನ.

ಟೀಚರಮ್ಮ ತಮ್ಮ ಪುಸ್ತಕ ತೆಗೆದು, ತಿಂಗಳ ಹಿಂದೆ ಬರೆದುಕೊಂಡ ಪುಟವನ್ನು ಹುಡುಕಿದರು.

*

ಡೋಲಣ್ಣನ ಕೋಟಿಗೆ ಎರಡು ಗುಂಡಿ ಬಂದವು. ಪುಟ್ಟಿಯ ಕೈಯಲ್ಲಿ ಸೋದರಮಾವ ಕಳಿಸಿದ. ಇಂಚಣ್ಣ ಅವನ್ನು ಹೊಲಿದು ಕೊಟ್ಟ. ಮೂರನೆಯ ದಿನ ಡೋಲಣ್ಣ ಬಂದು, “ಉಸಿರು ಕಟ್ಟುತ್ತೆ ಇಂಚಣ್ಣಾ, ಗಾಳಿಗೆ ಅಭ್ಯಾಸ ಆಗ್ಬಿಟ್ಟಿದೆ. ದಯವಿಟ್ಟು ಕಿತ್ತುಬಿಡು,” ಎಂದು ಕೈಮುಗಿದ. ಕಿತ್ತುಕೊಟ್ಟ. ಹೆಂಡತಿ ದಿನಕ್ಕೆರಡು ಸಲ ಹನ್ನೆರಡು ಹೆಜ್ಜೆ ದಾಟಿ ತಮ್ಮನ ಅಂಗಡಿಗೆ ಹೋಗುತ್ತಾಳೆ. ಅವಳು ಯಾವಾಗ ವಾಪಸು ಬರುತ್ತಾಳೆಂದು ಕೇಳುವ ಧೈರ್ಯ ಇಂಚಣ್ಣನಿಗಿಲ್ಲ. ಕೇಳಿದರೆ ಅವಳು ಒಂದು ಸಂಖ್ಯೆ ಹೇಳಿಬಿಟ್ಟಾಳು.

ಪುಟ್ಟಿ ನಾಲ್ಕನೇ ಕ್ಲಾಸಿನಲ್ಲಿದ್ದಾಳೆ. ಪಕ್ಕದ ಕೋಣೆಯಲ್ಲಿ, ಮೂರನೇ ಕ್ಲಾಸಿನ ಕೊನೆಯ ಬೆಂಚಿನಲ್ಲಿ, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು, ದಿನಾ ಬೆಳಿಗ್ಗೆ ಮೊದಲ ಪೀರಿಯಡ್ಡು ಇಂಚಣ್ಣ ಕೂರುತ್ತಾನೆ. ತಪ್ಪದೆ ಹೇಳುವ ತನಕ ಎಂದು ಟೀಚರಮ್ಮನ ತೀರ್ಪು. ಅವನ ಅಕ್ಕಪಕ್ಕದ ಮಕ್ಕಳು ಮೊದಮೊದಲು ಹೆದರುತ್ತಿದ್ದರು. ಈಗ ಅವನಿಗೆ ಪೆನ್ಸಿಲ್ ಸಾಲ ಕೊಡುತ್ತಾರೆ.

ನಿನ್ನೆ ಅವನ ನೋಟ್‌ಬುಕ್ಕಿನಲ್ಲಿ ಟೀಚರಮ್ಮ ಕೆಂಪು ಶಾಯಿಯಲ್ಲಿ ಐವತ್ನಾಲ್ಕನ್ನು ಹೊಡೆದುಹಾಕಿ, ಪಕ್ಕದಲ್ಲಿ ದುಂಡಗೆ 56 ಎಂದು ಬರೆದಿದ್ದರು. ಅದರ ಕೆಳಗೆ: “ಮನೆಯಲ್ಲಿ ಅಭ್ಯಾಸ ಸಾಲದು. ಪೋಷಕರ ಸಹಿ ಬೇಕು.”

ಇಂಚಣ್ಣ ಸಂಜೆ ಆ ಪುಸ್ತಕವನ್ನು ತಾಯಿಯ ಮುಂದೆ ತೆರೆದಿಟ್ಟ. ಮೇಜಿನ ಕೆಳಗೆ ಕೂರುವ ವಯಸ್ಸು ದಾಟಿದ್ದರಿಂದ ಮೇಜಿನ ಪಕ್ಕದಲ್ಲೇ ತಲೆತಗ್ಗಿಸಿ ನಿಂತ.

“ಅಮ್ಮಾ, ಇಲ್ಲಿ ಒಂದು ಸಹಿ.”

ಮುದುಕಿ ಕನ್ನಡಕ ಏರಿಸಿದಳು. ಪುಟವನ್ನು ಬೆಳಕಿಗೆ ಹಿಡಿದು ಮೇಲಿನಿಂದ ಕೆಳಗಿನ ತನಕ ಓದಿದಳು. ಮಗನನ್ನು ಕರುಣೆಯಿಂದ ನೋಡಿದಳು. ಮೇಜಿನ ಮೇಲಿದ್ದ ನೀಲಿ ಸೀಮೆಸುಣ್ಣ ತೆಗೆದುಕೊಂಡು, ಟೀಚರಮ್ಮ ಬರೆದ 56ರ ಮೇಲೆ ಒಂದು ಗೆರೆ ಎಳೆದು, ಅದರ ಪಕ್ಕದಲ್ಲಿ ದೊಡ್ಡದಾಗಿ 54 ಎಂದು ತಿದ್ದಿದಳು.

ಆಮೇಲೆ ಅದರ ಕೆಳಗೆ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಸಹಿ ಹಾಕಿದಳು.